ಒಂದು ಕಿವಿಯ ಮುದುಕ

ಮದಾಂ ಕುವೈತ್ ಬಿಟ್ಟು ಹೋಗುವಾಗ ಲಿಜ್ಜಿಗೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿತು, ಡೊರೊತಿಗೆ ಮಿಕ್ಸಿ ಸಿಕ್ಕಿತು, ನನಗೆ ಮುದುಕ ಸಿಕ್ಕ.

ಮದಾಂ ಎಂದರೆ ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನಮ್ಮ ಲ್ಯಾಬಿನ ಫ್ರೆಂಚ್ ಡಾಕ್ಟರು. ಯುದ್ಧ ಮುಗಿದು ಏಳು ವರ್ಷವಾಗಿತ್ತು. ಕುವೈತ್ ಸಾಕು ಎಂದು ಗಂಟುಮೂಟೆ ಕಟ್ಟಿದ ಆಕೆ ಮನೆಯ ಸಾಮಾನನ್ನೆಲ್ಲ ಚೀಟಿ ಎತ್ತಿಸಿ ಲ್ಯಾಬಿನಲ್ಲಿದ್ದ ನಮಗೆ ಹಂಚಿದಳು. ನನ್ನ ಹಣೆಬರಹಕ್ಕೆ ಗೋಡೆಯ ಚಿತ್ರ ಬಂತು. ನನ್ನ ಮುಖ ನೋಡಿ ಮದಾಂ ಅದರ ಕಥೆ ಹೇಳಿದಳು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಗೀರಿನಲ್ಲಿ ಮಸಿ ತುಂಬಿ, ಹಸಿ ಕಾಗದದ ಮೇಲೆ ಒತ್ತಿ ತೆಗೆದ ಅಚ್ಚಂತೆ. ಅವಳ ಅಜ್ಜನ ಕಾಲದ್ದಂತೆ. ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ನಂಬರು, ಒಂದು ಓದಲಾಗದ ಸಹಿ. ಹತ್ತಿರದಿಂದ ನೋಡಿದರೆ ಬರೀ ಗೆರೆ, ಕೋಳಿ ಕೆದರಿದ ಹಾಗೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ತಲೆಗೆ ಬಟ್ಟೆ ಸುತ್ತಿದ ಒಬ್ಬ ಮುದುಕ ಸಿಟ್ಟಿನಿಂದ ನಮ್ಮನ್ನೇ ನೋಡುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಕಿವಿ. ಇನ್ನೊಂದು ಕಡೆ ಎರಡು ಗೆರೆ ಎಳೆದು ಬಿಟ್ಟುಬಿಟ್ಟಿದ್ದರು.

"ಇದನ್ನ ಹೊತಗೊಂಡು ಬಸ್ಸಿನ್ಯಾಗ ಬಂದೆಲ್ಲಾ, ನಿನಗೇನರ ಬುದ್ಧಿ ಐತೇನು?" ಎಂದರು ನನ್ನ ಗಂಡ ಸಿದ್ದಲಿಂಗೇಶ.

"ಪುಕ್ಕಟ ಸಿಕ್ಕೈತಿ. ಗ್ವಾಡಿ ಬಣ್ಣ ಹ್ವಾದಲ್ಲಿ ಹಾಕ್ರಿ, ಮುಚ್ಚಿಕೊಳ್ತೈತಿ," ಎಂದೆ. ಅಬ್ಬಾಸಿಯಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೊಳೆ ಹೊಡೆದು ಅವನನ್ನು ನೇತುಹಾಕಿದೆವು.

ಜೂನಿನಲ್ಲಿ ನನ್ನ ಬಾಣಂತನಕ್ಕೆಂದು ಅತ್ತೆ ಹೊನ್ನವ್ವ ಬಂದರು. ರೋಣದ ಕಡೆಯ ಹಳ್ಳಿಯಿಂದ ಮೊದಲ ಸಲ ಹೊರಬಿದ್ದ ಹೆಂಗಸು. ಮೂರು ತಿಂಗಳ ವೀಸಾ. ಟ್ರಂಕಿನ ತುಂಬ ಜೋಳದ ಹಿಟ್ಟು, ಶೇಂಗಾ ಚಟ್ನಿ, ಅಂಟಿನುಂಡಿಗೆ ಬೇಕಾದ ಸಾಮಾನು. ಹೊಸ್ತಿಲು ದಾಟಿದವರೇ ಗೋಡೆ ನೋಡಿ ನಿಂತುಬಿಟ್ಟರು.

"ಅಯ್ಯ ಶಿವನ! ಇವರ್ಯಾಕ ನನಕಿಂತ ಮೊದಲ ಬಂದು ಕುಂತಾರ?"

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ ನೋಡಿದರು. "ಖರೇನ ನಮ್ಮ ಮನಿಯವರ ಹಂಗ ಅದಾನ. ಸಾರಿಗೆ ಉಪ್ಪು ಕಮ್ಮಿ ಆದಾಗ ಹಿಂಗ ನೋಡತಾರ. ಬರದಾವಂಗ ಹಸಿವಿ ಆಗಿತ್ತೇನೋ, ಅರ್ಧಕ್ಕ ಎದ್ದು ಹೋಗ್ಯಾನ. ನೋಡು, ಒಂದ ಕಿವಿ ಬರದಾನ. ಇವರಿಗೂ ಒಂದ ಕಿವಿ ಕೇಳ್ತೈತಿ. ಯಾರು ಹೇಳಿದ್ರು ಅವಂಗ?"

ಮಾವ ಚನ್ನಬಸಯ್ಯನವರ ಫೋಟೋ ನಮ್ಮ ಹತ್ತಿರ ಒಂದೂ ಇರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ಫೋಟೋ ಹಿಡಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಮನುಷ್ಯ. ಓಟಿನ ಕಾರ್ಡನ್ನೂ ಮಾಡಿಸಿಕೊಂಡಿರಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರ ಬೆನ್ನು ಎರಡು ಕಡೆ ಇದೆ, ಮುಖ ಎಲ್ಲಿಯೂ ಇಲ್ಲ. ಹಾಗಾಗಿ ಅತ್ತೆಗೆ ಈ ಫ್ರೆಂಚ್ ಮುದುಕನೇ ಗತಿಯಾದ. ಬೆಳಗ್ಗೆ ರೊಟ್ಟಿ ಬಡಿಯುವಾಗ ಅವನಿಗೆ ವರದಿ ಒಪ್ಪಿಸುತ್ತಿದ್ದರು. "ಏನ್ರೀ, ಇಲ್ಲಿ ನೀರು ಸಮುದ್ರದಾಗಿಂದ ತಗದು ಕೊಡತಾರಂತ, ಕೇಳಿದ್ರೇನು?" ಎಂದು ಕೂಗುತ್ತಿದ್ದರು. ಕೂಸು ಹುಟ್ಟಿದಾಗ ಅದನ್ನೆತ್ತಿ ಅವನ ಕಿವಿಯಿದ್ದ ಕಡೆಗೇ ಹಿಡಿದು, "ಇದೂ ಹೆಣ್ಣರೀ. ಸಿಟ್ಟಾಗಬ್ಯಾಡ್ರಿ," ಎಂದರು.

ದೊಡ್ಡವಳು ಸೌಂದರ್ಯಾಗೆ ಆಗ ಒಂಬತ್ತು ವರ್ಷ. ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷು. "ಅಜ್ಜೀ, ಹೀ ಈಸ್ ನಾಟ್ ಅಜ್ಜ!" ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. "ಹೋಗ ಸುಮ್ನ, ನಿನಗೇನ ಗೊತ್ತು? ನಿನಕಿಂತ ನಲವತ್ತು ವರ್ಷ ಮೊದಲಿಂದ ನೋಡೀನಿ," ಎಂದು ಅತ್ತೆ ಅವಳ ಬಾಯಿಗೆ ಶೇಂಗಾ ಉಂಡಿ ತುರುಕುತ್ತಿದ್ದರು. ಆ ಐದು ವಾರ ನಮ್ಮ ಮನೆಯಲ್ಲಿ ಇದ್ದಷ್ಟು ಸುಖ ಮುಂದೆ ಎಂದೂ ಇರಲಿಲ್ಲ.

ಜುಲೈ ಮೂವತ್ತು, ಗುರುವಾರ. ಮಧ್ಯಾಹ್ನ ಮೂರಕ್ಕೇ ಗಂಡ ಮನೆಗೆ ಬಂದರು. ಏಸಿ ರಿಪೇರಿಯ ಕೆಲಸದವರು ಬೇಸಿಗೆಯಲ್ಲಿ ರಾತ್ರಿ ಎಂಟರೊಳಗೆ ಮನೆ ಸೇರುವುದೇ ಇಲ್ಲ. ಸೀದಾ ಅಡುಗೆಮನೆಗೆ ಬಂದು ನಲ್ಲಿ ತಿರುವಿದರು. ನೀರಿನ ಸದ್ದಿನಲ್ಲಿ ಹೇಳಿದರು.

"ಅಪ್ಪ ಹೋದ."

"ಎಲ್ಲಿಗೆ?" ಎಂದೆ. ಎಂಥಾ ಪ್ರಶ್ನೆ ನನ್ನದು.

"ಮುಂಜಾನೆ ಐದಕ್ಕ. ಗುರುಸಿದ್ದ ಕಂಪನಿಗೆ ಫೋನ್ ಮಾಡಿದ್ದ. ಮಣ್ಣೂ ಮುಗಿಸ್ಯಾರ. ಅವ್ವನ್ನ ಲಗೂನ ಕಳಸು, ಹನ್ನೊಂದನೇ ದಿನಕ್ಕರ ಇರಲಿ ಅಂದ." ಗುರುಸಿದ್ದ ಊರಲ್ಲಿರುವ ನನ್ನ ಮೈದುನ. "ನಾ ಹೋಗೂದಂತೂ ಆಗೂದಿಲ್ಲ. ಪಾಸ್‌ಪೋರ್ಟ್ ಕೇಳಿದ್ರ ಕಫೀಲ್ ಬ್ಯಾಸಿಗಿ ಮುಗದ ಮ್ಯಾಲೆ ಬಾ ಅಂದ. ಅವ್ವಗ ಹೇಳಿ ಕಳಸೋಣ." ಕಫೀಲ್ ಎಂದರೆ ಅವರ ಪಾಸ್‌ಪೋರ್ಟನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ ಅರಬ್ ಮಾಲೀಕ.

ಇಲ್ಲಿಂದ ಮುಂದಿನದು ನನ್ನ ಪಾಪ. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

"ಕಳಸ್ರಿ," ಎಂದೆ. "ಕಳಿಸಿ ಶನಿವಾರ ಕೂಸಿನ್ನ ನೀವ ಹೆಗಲಿಗೆ ಹಾಕ್ಕೊಂಡು ಏಸಿ ರಿಪೇರಿಗೆ ಹೋಗ್ರಿ. ಶನಿವಾರ ನನ್ನ ರಜಾ ಖಲಾಸ್. ಒಂದ ದಿನ ತಡಾ ಆದ್ರೂ ಬ್ಯಾರೆ ಹುಡುಗಿ ತಯಾರ ಅದಾಳ ಅಂತ ಮ್ಯಾನೇಜರ್ ಮಾರಿ ಮ್ಯಾಲೆ ಹೇಳ್ಯಾನ."

"ಹಂಗಂತ ಮುಚ್ಚಿಡೂದೇನ ಸೀಮಾ?"

"ಮಣ್ಣ ಆಗಿಹೋಗೇತಲ್ಲ. ಈಗ ಹೋದ್ರೂ ಮಾರಿ ಕಾಣೂದಿಲ್ಲ. ವೀಸಾ ಮುಗಿಯೂತನಕ ಇರಲಿ. ಊರಿಗೆ ಹೋದಮ್ಯಾಲೆ ಗೊತ್ತಾಗ್ತೈತಿ. ಇಲ್ಲಿ ಹೇಳಿ, ಅತ್ತಿಯವರಿಗೆ ಎದಿ ಪದಿ ಹಿಡಕೊಂಡ್ರ ಯಾರಿಗೆ ಉತ್ತರಾ ಕೊಡೂದು?"

ಅತ್ತೆಯ ಎದೆ ನಾಜೂಕು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಸುಳ್ಳು. ಅವರ ಎದೆ ಗಟ್ಟಿಮುಟ್ಟಾಗಿತ್ತು. ನನಗೆ ಬೇಕಾಗಿದ್ದದ್ದು ಕೂಸು ಹಿಡಿಯುವ ಎರಡು ಕೈ.

ಅತ್ತೆ ಕೂಸನ್ನು ತಟ್ಟುತ್ತಲೇ ಬಾಗಿಲಿಗೆ ಬಂದರು. "ಸಿದ್ದೂ, ಇಷ್ಟ ಲಗೂ ಬಂದಿ? ಕಣ್ಣ್ಯಾಕ ಕೆಂಪಾಗ್ಯಾವ?"

ಗಂಡ ನನ್ನ ಕಡೆ ನೋಡಿದರು. ನಾನು ನಲ್ಲಿ ನಿಲ್ಲಿಸಿದೆ.

"ತಲಿ ನೋವು ಅವ್ವಾ."

"ಬಿಸಲ ಹೊಡದೈತಿ. ಬಾ ಇಲ್ಲಿ," ಎಂದು ಕೂಸನ್ನು ನನ್ನ ಕೈಗಿಟ್ಟು, ಮಗನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿದರು. ಆ ಮನುಷ್ಯ ತಾಯಿಯ ತೊಡೆಯಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತರು. "ನೋಡ್ರೀ, ನಿಮ್ಮ ಮಗನ್ನ ಎಂಥಾ ಬಿಸಲಾಗ ದುಡಿಸ್ತಾರ," ಎಂದು ಅತ್ತೆ ಗೋಡೆಯ ಮುದುಕನಿಗೆ ದೂರು ಹೇಳಿದರು. ನಾನು ಕೂಸಿಗೆ ಹಾಲೂಡಿಸುವ ನೆವದಲ್ಲಿ ಒಳಗೆ ಹೋದೆ.

ಸೌಂದರ್ಯಾಗೆ ಗೊತ್ತಾಗಿತ್ತು. ಸಂಜೆ ನನ್ನ ಹಿಂದೆ ಬಂದು ನಿಂತಳು. "ಈಸ್ ಅಜ್ಜ ಡೆಡ್?"

"ಅಜ್ಜಿ ಮುಂದ ಬಾಯಿ ಬಿಟ್ಟರ ನೋಡು."

"ಬಟ್ ದ್ಯಾಟ್ಸ್ ಲೈಯಿಂಗ್, ಮಮ್ಮಿ."

"ಹೌದು. ಹೋಗಿ ಹೋಂವರ್ಕ್ ಮಾಡು," ಎಂದೆ. ಅಂದಿನಿಂದ ಹುಡುಗಿ ಅಜ್ಜಿಯ ಪಕ್ಕದಲ್ಲಿ ಮಲಗುವುದನ್ನು ಬಿಟ್ಟಳು. ಉಂಡಿ ಕೊಟ್ಟರೂ ಬೇಡ ಎನ್ನುತ್ತಿದ್ದಳು. "ಈಕಿಗೆ ನನ್ನ ಮ್ಯಾಲೇನ ಸಿಟ್ಟು?" ಎಂದು ಅತ್ತೆ ನನ್ನನ್ನೇ ಕೇಳುತ್ತಿದ್ದರು.

ಶನಿವಾರದಿಂದ ಕ್ಲಿನಿಕ್ಕಿಗೆ ಹೋಗತೊಡಗಿದೆ. ಮನೆಗೆ ಬಂದರೆ ಕೂಸಿಗೆ ಎಣ್ಣೆ ಹಚ್ಚಿ ಎರೆದು ಮಲಗಿಸಿರುತ್ತಿದ್ದರು. ಬಟ್ಟೆ ಮಡಚಿ, ಬಿಸಿರೊಟ್ಟಿ, ಬದನೆಕಾಯಿ ಪಲ್ಯ ಮುಚ್ಚಿಟ್ಟಿರುತ್ತಿದ್ದರು. ನಾನು ಕುಳಿತು ಉಣ್ಣುತ್ತಿದ್ದೆ. ರುಚಿಯಾಗಿಯೇ ಇರುತ್ತಿತ್ತು, ಅದನ್ನೂ ಹೇಳಬೇಕು.

ಡೊರೊತಿ ಲ್ಯಾಬಿನಲ್ಲಿ ನನ್ನ ಎದುರಿನ ಕುರ್ಚಿಯವಳು, ಮಂಗಳೂರಿನ ಕಡೆಯವಳು. ಅವಳಿಗೊಬ್ಬಳಿಗೆ ಹೇಳಿದ್ದೆ. "ಇದು ಸರಿ ಅಲ್ಲ ಮಾರಾಯ್ತಿ," ಎಂದು ಒಂದೇ ಸಮನೆ ಹೇಳಿದಳು. "ಹೇಳಿಬಿಡು. ಕೂಸನ್ನು ನೋಡ್ಲಿಕ್ಕೆ ಯಾರನ್ನಾದ್ರೂ ಹುಡುಕುವ."

"ಹುಡುಕು, ಸಿಕ್ಕ ದಿವಸ ಹೇಳತೀನಿ," ಎಂದೆ. ಸಿಗಲಿಲ್ಲ. ನಾನೂ ಅಷ್ಟೇನೂ ಹುಡುಕಲಿಲ್ಲ.

ಶ್ರಾವಣ ನಡೆದಿತ್ತು. ಅತ್ತೆ ಸೋಮವಾರದ ಉಪವಾಸ ಹಿಡಿದರು. "ಅವರಿಗೆ ಮಳಿಗಾಲದಾಗ ಕೆಮ್ಮು ಜಾಸ್ತಿ. ಅವರ ಆರೋಗ್ಯಕ್ಕ ಒಂದು ಹೊತ್ತು ಬಿಟ್ರ ನಾ ಏನ ಸಾಯಂಗಿಲ್ಲ," ಎಂದರು. ಆ ಸೋಮವಾರಗಳಂದು ನನ್ನ ಗಂಡನೂ ಊಟ ಮಾಡುತ್ತಿರಲಿಲ್ಲ. ತಾಯಿಗೆ ಮಗನ ಭಕ್ತಿ ಕಂಡು ಹಿಗ್ಗು.

ಆಗಸ್ಟ್ ಹದಿನೈದರ ಸುಮಾರಿಗೆ ಮಹಬೂಲಾದಲ್ಲಿದ್ದ ನಮ್ಮ ಕಡೆಯ ಮನುಷ್ಯನೊಬ್ಬ ರಜೆ ಮುಗಿಸಿ ಊರಿನಿಂದ ಬಂದು ಗಂಡನ ಕೈಗೆ ಒಂದು ಲಕೋಟೆ ಕೊಟ್ಟ. ಅದರಲ್ಲಿ ಗುರುಸಿದ್ದನ ಪತ್ರ, ಜೊತೆಗೆ ಪುಸ್ತಕದ ಅಗಲದ ಫೋಟೋ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಬಳಿದು, ರುಮಾಲು ಸುತ್ತಿ, ಹಾರ ಹಾಕಿ ಕೂಡಿಸಿದ ಮೇಲೆ ಪೇಟೆಯಿಂದ ಫೋಟೋದವನನ್ನು ಕರೆಸುತ್ತಾರೆ. ಮಾವ ಕೊನೆಗೂ ಹಿಡಿಸಿಕೊಂಡಿದ್ದರು. ಕಣ್ಣು ಮುಚ್ಚಿತ್ತು. ತಲೆ ವಾಲದಂತೆ ಹಣೆಗೆ ಕಟ್ಟಿದ್ದ ಬಟ್ಟೆ ರುಮಾಲಿನ ಕೆಳಗೆ ಇಣುಕುತ್ತಿತ್ತು.

ಎಲ್ಲಿಡುವುದು? ಅಲಮಾರಿ ಅತ್ತೆಯ ಕೈಯಲ್ಲಿ. ಟ್ರಂಕು, ಹಾಸಿಗೆಯ ಅಡಿ, ಎಲ್ಲವನ್ನೂ ದಿನಾ ಝಾಡಿಸುವವರು ಅವರೇ. ಹೊರಗೆ ಕೊಡಲು ಗಂಡ ಒಪ್ಪಲಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ಫ್ರೆಂಚ್ ಮುದುಕನನ್ನು ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಚಿತ್ರದ ಬೆನ್ನಿಗೆ ಫೋಟೋ ಇಟ್ಟು, ರಟ್ಟು ಮುಚ್ಚಿ, ಏಸಿ ಪೈಪಿಗೆ ಸುತ್ತುವ ಟೇಪು ಅಂಟಿಸಿದರು.

"ಇಲ್ಲೇ ಇರಲಿ," ಎಂದರು. "ಅವ್ವ ದಿನಾ ಮಾತಾಡಸ್ತಾಳಲ್ಲ. ಕೇಳಸ್ಕೊಳ್ಳಲಿ."

ಪತ್ರ ಬಂದ ಸುದ್ದಿ ಅತ್ತೆಗೆ ತಿಳಿದುಹೋಗಿತ್ತು. "ಓದ ನನ್ನವ್ವಾ," ಎಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು. ಅವರಿಗೆ ಅಕ್ಷರ ಬರುವುದಿಲ್ಲ. ನಾನು ಗುರುಸಿದ್ದನ ಪತ್ರವನ್ನು ಮುಖದ ಮುಂದೆ ಹಿಡಿದು ಓದಿದೆ. ಮಳೆ ಬೇಸಾಗಿದೆ. ಹೆಸರಿನ ಬೆಳೆ ಚಲೋ ಬಂದಿದೆ. ಎಮ್ಮೆ ಗಬ್ಬಾಗಿದೆ. ಅಪ್ಪ ಆರಾಮ ಇದ್ದಾನೆ, ಕೆಮ್ಮು ಕಡಿಮೆಯಾಗಿದೆ, ನೀನು ಅವಸರ ಮಾಡಬೇಡ, ಕೂಸನ್ನು ನೋಡಿಕೋ ಎಂದಿದ್ದಾನೆ. ನನ್ನ ಕಣ್ಣ ಮುಂದಿದ್ದ ಕಾಗದದಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

"ಅವಸರ ಮಾಡಬ್ಯಾಡ ಅಂದ್ರ?" ಅತ್ತೆಯ ಮುಖ ಅರಳಿತು. "ಹಿಂಗ ಎಂದೂ ಅಂದ ಮನಶ್ಯಾ ಅಲ್ಲ. ತವರಿಗೆ ಹೋದ್ರ ಮೂರನೇ ದಿನಕ್ಕ ಬಂದು ಕರೀತಿದ್ರು. ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಅದೇ ಮಾತುಗಳನ್ನೇ ಹೇಳಬೇಕಲ್ಲ, ಬೆವರು ಹರಿಯಿತು. ಆಮೇಲೆ ಅವರು ಹೇಳಿದ ಉತ್ತರವನ್ನೂ ನಾನೇ ಬರೆದೆ. ಹಿತ್ತಲ ಬಾಗಿಲಿನ ಕಲ್ಲು ಜಾರುತ್ತದೆ, ಜ್ವಾಕಿ. ಕರಿ ಕಂಬಳಿ ನಾಗಂದಿಗೆಯ ಮೇಲಿದೆ. ನಾನು ಬರುವ ತನಕ ಸಿಟ್ಟು ಮಾಡಿಕೊಂಡು ಊಟ ಬಿಡಬೇಡ್ರಿ. ಬರೆದ ಕಾಗದವನ್ನು ಕ್ಲಿನಿಕ್ಕಿನ ಕಸದ ಡಬ್ಬಿಗೆ ಹಾಕಿದೆ.

ಮರುವಾರ ಪಾತ್ರೆ ತಿಕ್ಕುವಾಗ ಅವರ ಎರಡು ಬಳೆ ಒಡೆದವು. ಅತ್ತೆ ಚೂರುಗಳನ್ನು ಆರಿಸಿಕೊಂಡು ನನ್ನ ಹತ್ತಿರ ಬಂದರು. "ಸೀಮಾ, ನನಗ್ಯಾಕೋ ಎದಿ ಝಲ್ ಅಂತು. ಅವರು ಆರಾಮ ಅದಾರಿಲ್ಲ?"

"ಅದಾರ್ರಿ ಅತ್ತಿ. ಪತ್ರ ಓದಿದ್ನೆಲ್ಲ."

"ನನ್ನಾಣಿ?"

"ನಿಮ್ಮಾಣೆರಿ," ಎಂದೆ. ಅಂದೇ ಸಂಜೆ ಬಳೆ ಅಂಗಡಿಗೆ ಕರೆದೊಯ್ದು ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದೆ. ಅಂಗಡಿಯಿಂದ ಬಂದವರೇ ಚಿತ್ರದ ಮುಂದೆ ಕೈಯಾಡಿಸಿ ತೋರಿಸಿದರು. ಗಂಡ ಎದ್ದು ಹೊರಗೆ ಹೋದರು.

ಸೆಪ್ಟೆಂಬರ್ ಮೂರರಂದು ಮುಂಜಾನೆಯಿಂದ ಧೂಳಿನ ಗಾಳಿ. ಕಿಟಕಿಗೆ ಒದ್ದೆ ಬಟ್ಟೆ ತುರುಕಿದರೂ ಮನೆಯೆಲ್ಲ ಮಣ್ಣು. ನಾನು ಕ್ಲಿನಿಕ್ಕಿನಿಂದ ಬಂದು ಬಾಗಿಲು ತೆಗೆದಾಗ ರೊಟ್ಟಿಯ ವಾಸನೆ ಇರಲಿಲ್ಲ. ಅತ್ತೆ ನೆಲದ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಕೂಸು ಮಲಗಿತ್ತು. ಎದುರಿಗೆ ಫ್ರೆಂಚ್ ಮುದುಕ ಬೋರಲು ಬಿದ್ದಿದ್ದ. ಟೇಪು ಸೆಕೆಗೆ ಸಡಿಲವಾಗಿ ಸುರುಳಿ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಮಾವನ ಫೋಟೋ. ಸೌಂದರ್ಯಾ ಮೂಲೆಯಲ್ಲಿ ನಿಂತು ಅಳುತ್ತಿದ್ದಳು.

"ಮಾರಿ ಮ್ಯಾಲೆ ಧೂಳ ಕುಂತಿತ್ತು, ಒರಸೋಣಂತ ತಗದೆ," ಎಂದರು ಅತ್ತೆ. "ಇದು ಬಿತ್ತು. ಇವರು ಫೋಟೋ ಹಿಡಿಸ್ಯಾರಂದ್ರ ಮತ್ತ ಯಾರನ್ನೂ ಕೇಳೂದು ಬೇಕಾಗಿರಲಿಲ್ಲ. ಆದ್ರೂ ಈ ಹುಡುಗಿನ್ನ ಕೇಳಿದೆ, ಯಾರವ್ವಾ ಇದು ಅಂತ."

"ನಾನು ಅಜ್ಜ ಅಂದೆ," ಎಂದಳು ಸೌಂದರ್ಯಾ. ಅವಳ ಬಾಯಿಂದ ಕನ್ನಡ ಬಂದದ್ದನ್ನು ಆ ಬೇಸಿಗೆಯಲ್ಲಿ ಅದೊಂದೇ ಸಲ ಕೇಳಿದೆ.

"ಎಷ್ಟ ದಿನಾತು?"

"ಮೂವತ್ತೈದು ದಿನಾರಿ ಅತ್ತಿ."

ಅವರು ಬೆರಳು ಮಡಚಿ ಎಣಿಸಿದರು. "ನಾಕು ಸೋಮವಾರ," ಎಂದರು. "ನಾಕು ಸೋಮವಾರ ಅವರ ಆರೋಗ್ಯಕ್ಕಂತ ಉಪಾಸ ಇದ್ದೆ. ನೀವೆಲ್ಲ ನೋಡಕೋತ ಕುಂತ್ರಿ."

"ಅತ್ತಿ, ನಿಮ್ಮ ಎದಿ..."

"ನನ್ನ ಎದಿ ಸುದ್ದಿ ತಗೀಬ್ಯಾಡ. ಆ ಪತ್ರ ಐತೇನು?"

ಅದು ನನ್ನ ಕೈಚೀಲದಲ್ಲೇ ಇತ್ತು.

"ಓದು. ಬರದದ್ದ ಓದು."

ಓದಿದೆ. ಗುರುಸಿದ್ದ ಬರೆದಿದ್ದ: ಅಪ್ಪ ಎರಡು ದಿನ ಜ್ವರ ಬಂದು ಮಲಗಿದ್ದ. ಎರಡನೇ ರಾತ್ರಿ ಬಾಗಿಲ ಕಡೆ ನೋಡಿ ಅವ್ವ ಬಂದಳೇನು, ಬಸ್ಸಿಗೆ ಯಾರು ಹೋಗ್ಯಾರ ಎಂದು ಕೇಳಿದ. ಬಂದಳು, ದಾರಿಯಲ್ಲಿದ್ದಾಳೆ ಎಂದು ಸುಳ್ಳು ಹೇಳಿದೆ. ಹನ್ನೊಂದನೇ ದಿನದ ತನಕ ಅವ್ವನ ದಾರಿ ಕಾಯ್ದೆವು. ಶಿವಗಣಾರಾಧನೆಯ ಪಂಕ್ತಿಯಲ್ಲಿ ಅವಳ ಎಲೆ ಹಾಗೇ ಬಿಟ್ಟೆವು. ಅಣ್ಣಾ, ಅವ್ವನನ್ನು ಯಾಕೆ ಕಳಿಸಲಿಲ್ಲ?

ನನ್ನ ಗಂಡ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ, "ಅವ್ವಾ, ತಪ್ಪಾತು," ಎಂದರು. "ಲಗೂನ ಕಳಸ್ತೀನಿ, ನಾಳಿಕೇ ಟಿಕೀಟು..."

"ಯಾಕ? ಮಣ್ಣಂತೂ ಆಗಿಹೋಗೇತಿ. ಈಗ ಹೋದ್ರ ಅವರ ಮಾರಿ ಕಾಣ್ತೈತೇನು?" ನಾನು ಆಡಿದ್ದ ಮಾತು. ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ಅದೇ ಮಾತು ಅವರ ಬಾಯಲ್ಲಿ ಬಂತು. "ವೀಸಾ ಮುಗಿದ ದಿನಾನ ಹೋಗತೀನಿ. ಈ ಕೂಸಿಂದೇನ ತಪ್ಪು?"

ಆಮೇಲೆ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. "ತಗಿ. ನೀನ ಇಡಿಸಿದ್ದು, ನೀನ ತಗಿ."

ಸಾಬೂನು ಹಚ್ಚಿ ಒಂದೊಂದೇ ತೆಗೆದೆ. ಅವರ ಕೈ ದುಡಿದ ಕೈ, ಗೆಣ್ಣು ದಪ್ಪ. ಅಂಗಡಿಯವನು ಬಿಗಿಯಾಗಿಯೇ ಇಟ್ಟಿದ್ದ. ಕೊನೆಯದು ಬರಲಿಲ್ಲ, ಒಡೆದು ಅವರ ಚರ್ಮ ಸೀಳಿತು. ದವಾಖಾನೆಯಲ್ಲಿ ದಿನಾ ರಕ್ತ ತೆಗೆಯುವ ನಾನು ಆ ಒಂದು ಹನಿ ನೋಡಿ ಕೂತಲ್ಲಿಂದ ಏಳಲಾರದೆ ಹೋದೆ. ಅತ್ತೆ ತಾವೇ ಒರೆಸಿಕೊಂಡು ಎದ್ದು ಹೋಗಿ ಕೂಸಿಗೆ ನೀರು ಕಾಯಿಸಿದರು.

ಆಮೇಲಿನ ಹದಿನೇಳು ದಿನ ಹೇಗೆ ಕಳೆದವು ಎಂದು ಹೇಳುವಂಥದ್ದೇನಿಲ್ಲ. ನಾನು ಕೆಲಸಕ್ಕೆ ಹೋದೆ. ಬಂದರೆ ಕೂಸು ಎರೆದುಕೊಂಡು ಮಲಗಿರುತ್ತಿತ್ತು, ರೊಟ್ಟಿ ಮುಚ್ಚಿಟ್ಟಿರುತ್ತಿತ್ತು, ಬಟ್ಟೆ ಮಡಚಿರುತ್ತಿತ್ತು. ನನಗೆ ಏನು ಬೇಕಾಗಿತ್ತೋ ಅದರಲ್ಲಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮಾತು ಮಾತ್ರ ನಿಂತುಹೋಯಿತು. ಕೂಸಿನ ಜೊತೆ ಆಡುತ್ತಿದ್ದರು. ಸೌಂದರ್ಯಾಳನ್ನು ಮತ್ತೆ ಪಕ್ಕದಲ್ಲಿ ಮಲಗಿಸಿಕೊಂಡರು, ಅವಳೂ ಅಜ್ಜಿಯ ಕುತ್ತಿಗೆ ತಬ್ಬಿ ಮಲಗಿದಳು. ನಾನೂ ಗಂಡನೂ ಏನು ಕೇಳಿದರೂ "ಹೂಂ" ಅಥವಾ "ಉಹೂಂ". ಒಮ್ಮೆ ಗಂಡ ತಟ್ಟೆ ದೂಡಿ, "ಬೈಯವ್ವಾ, ಹೊಡಿ, ಏನರ ಅನ್ನು!" ಎಂದು ಚೀರಿದರು. ಅತ್ತೆ ತಟ್ಟೆಯನ್ನು ಮತ್ತೆ ಮುಂದೆ ಸರಿಸಿ, "ಉಣ್ಣು," ಎಂದರು.

ಮಾವನ ಫೋಟೋವನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡರು. ಫ್ರೆಂಚ್ ಮುದುಕನನ್ನು ಅವರೇ ಒರೆಸಿ, ರಟ್ಟು ಹಾಕಿ, ಮೊಳೆಗೆ ಸಿಗಿಸಿದರು. "ಇವ ಇಲ್ಲೇ ಇರಲಿ," ಎಂದರು. "ನಿಮಗ ಸುಳ್ಳ ಮುದುಕನ ಸಾಕು."

ಅವನ ಕಡೆ ಮುಖ ಮಾಡಿ ಮತ್ತೆ ಮಾತಾಡಲಿಲ್ಲ.

ಇಪ್ಪತ್ತನೇ ತಾರೀಖು ಬಂತು. ಕಫೀಲ್ ಇನ್ನೂ ಪಾಸ್‌ಪೋರ್ಟ್ ಕೊಟ್ಟಿರಲಿಲ್ಲ. ಡೊರೊತಿ ಅದೇ ವಿಮಾನದಲ್ಲಿ ರಜೆಗೆ ಹೊರಟಿದ್ದಳು, ಮುಂಬೈ ತನಕ ಜೊತೆ. ಅಲ್ಲಿಗೆ ಗುರುಸಿದ್ದ ಬರುವವನಿದ್ದ. ಏರ್‌ಪೋರ್ಟಿನಲ್ಲಿ ಅತ್ತೆ ಕೂಸಿನ ಹಣೆಗೆ ವಿಭೂತಿ ಹಚ್ಚಿದರು, ಸೌಂದರ್ಯಾಳ ಕೆನ್ನೆ ಸವರಿದರು, ಮಗನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ನಾನು ಕಾಲಿಗೆ ಬಿದ್ದೆ. ಏಳು ಎನ್ನಲಿಲ್ಲ. ನಾನೇ ಎದ್ದೆ.

"ಪತ್ರ ಬರೀತೀನ್ರಿ ಅತ್ತಿ," ಎಂದೆ.

ಹದಿನೇಳು ದಿನದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಿದರು.

"ಬರೀಬ್ಯಾಡ. ನನಗ ಓದಾಕ ಬರೂದಿಲ್ಲ ಸೀಮಾ. ಯಾರರ ಓದಿ ಹೇಳಬೇಕು. ಇಷ್ಟ ದಿನ ಓದಿದೋರು ಖರೇನ ಓದತಾರ ಅಂತ ತಿಳಕೊಂಡಿದ್ದೆ."

ಸೆರಗು ಹೊದ್ದು, ಡೊರೊತಿಯ ಕೈ ಹಿಡಿದು ಒಳಗೆ ನಡೆದರು. ಗಾಜಿನಾಚೆ ಸರದಿಯಲ್ಲಿ ನಿಂತು ಟ್ರಂಕನ್ನು ಯಾರ ಕೈಗೂ ಕೊಡದೆ ಎರಡೂ ಬರಿ ಕೈಯಿಂದ ಹಿಡಿದುಕೊಂಡಿದ್ದರು.